ಇಪ್ಪತ್ತೆಂಟರಿಂದ ಮೂವತ್ತೊಂಬತ್ತು

ಗಂಡನ ಕೊರಳಿಗೆ ನಿಲುವಂಗಿಯ ಬಿಳಿ ಪಟ್ಟಿ ಕಟ್ಟುತ್ತ ತ್ರೈನ್ ನಿನ್ನೆಯ ಮಾತನ್ನೇ ಮತ್ತೆ ತೆಗೆದಳು. "ಒಂದೇ ಪ್ರಶ್ನೆ, ಹಿಲ್‌ಬ್ರಾಂಡ್. ಅದೂ ಚಿಕ್ಕದು. ಹೋದ ಸಲದ ಪರೀಕ್ಷೇಲಿ ನಿನ್ನ ಪ್ರಶ್ನೆ ಮುಗಿಯೋದ್ರೊಳಗೆ ಆ ಹುಡುಗನ ಅಜ್ಜಿ ಗೊರಕೆ ಹೊಡೀತಿದ್ರು." ಅಜ್ಜಿಯರು ಎಲ್ಲಿ ಕೂತರೂ ಗೊರಕೆ ಹೊಡೀತಾರೆ ಎಂದ ಹಿಲ್‌ಬ್ರಾಂಡ್ ನೈಡಮ್, ಗದ್ದ ಎತ್ತಿ ಹಿಡಿದುಕೊಂಡೇ. ಎಪ್ಪತ್ತೊಂಬತ್ತರ ಗದ್ದ, ಆದರೂ ಕನ್ನಡಿಯಲ್ಲಿ ಅದು ಇನ್ನೂ ಪ್ರೊಫೆಸರನ ಗದ್ದವೇ ಎಂದು ಅವನಿಗೆ ಖುಷಿಯಾಯಿತು, ಖುಷಿಯಾಯಿತಲ್ಲ ಎಂದು ನಾಚಿಕೆಯೂ ಆಯಿತು. ಮೇಜಿನ ಮೇಲೆ ರೆನ್ಸ್ಕೆಯ ಪ್ರಬಂಧ ಬಿದ್ದಿತ್ತು, ಹಳದಿ ರಟ್ಟಿನದು, ಬೆಣ್ಣೆಯ ಬಟ್ಟಲಿಗೆ ಒರಗಿಕೊಂಡು. ಇವತ್ತು ಹನ್ನೊಂದಕ್ಕೆ ಅವಳ ಡಾಕ್ಟರೇಟ್ ಪರೀಕ್ಷೆ, ಎಲ್ಲರೆದುರು. ಅವಳನ್ನು ಪ್ರಶ್ನಿಸುವ ಏಳು ಜನರಲ್ಲಿ ಅವನು ಕೊನೆಯವನು. ನೂರಾ ಹನ್ನೆರಡನೆಯ ಪುಟ, ಅಡಿಟಿಪ್ಪಣಿ ನಲವತ್ತಾರು. ಪುಟ ತೆರೆಯುವ ಅಗತ್ಯವಿರಲಿಲ್ಲ, ಬಾಯಿಪಾಠವಾಗಿತ್ತು: 'ಕೊಠಡಿ ಇಪ್ಪತ್ತೆಂಟರಿಂದ ಮೂವತ್ತೊಂಬತ್ತರವರೆಗಿನವು ತಾಲೀಮಿನ ಕೊಠಡಿಗಳು, ಆದ್ದರಿಂದ ಲೆಕ್ಕಕ್ಕೆ ಹಿಡಿದಿಲ್ಲ ಎಂದು ಪ್ರೊಫೆಸರ್ ನೈಡಮ್ ಖುದ್ದಾಗಿ ತಿಳಿಸಿದ್ದಾರೆ.' ಇನ್ನೂರ ಎಂಬತ್ತು ಪುಟಗಳಲ್ಲಿ ಸುಳ್ಳೆಂದರೆ ಅದೊಂದೇ ವಾಕ್ಯ, ಅದೂ ಅವನದು.

ನಿಲುವಂಗಿಯನ್ನು ಚೀಲದಲ್ಲಿ ಮಡಿಸಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೊರಟ. ಈ ವಯಸ್ಸಿನಲ್ಲಿ ಊರಿನವರೆಲ್ಲ ಬ್ಯಾಟರಿ ಸೈಕಲ್ಲಿಗೆ ಹತ್ತಿದ್ದರು, ಅವನು ಹತ್ತಿರಲಿಲ್ಲ, ಮತ್ತು ಹತ್ತಿಲ್ಲ ಎನ್ನುವುದನ್ನು ಯಾರಾದರೂ ಗಮನಿಸಲಿ ಎಂದು ಸೇತುವೆ ಏರುವಾಗ ಸೀಟಿನಿಂದ ಎದ್ದು ತುಳಿಯುತ್ತಿದ್ದ. ಕಾಲುವೆಯ ಮೇಲಿನ ಎದುರುಗಾಳಿಗೆ ಕಣ್ಣಲ್ಲಿ ನೀರು. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಇದೇ ಸೇತುವೆಯ ಮೇಲೆ, ಇದೇ ಗಾಳಿಯಲ್ಲಿ, ಆ ಪ್ರಯೋಗ ಅವನಿಗೆ ಹೊಳೆದಿತ್ತು, ಪೂರ್ತಿಯಾಗಿ, ಬಾಗಿಲು ಕುರ್ಚಿಗಳ ಸಮೇತ. ಕಾಯುವ ಕೋಣೆಯಲ್ಲಿ ಏಳು ಅಪರಿಚಿತರು. ಅರ್ಧ ಕೊಠಡಿಗಳಲ್ಲಿ ಅವರು ಕಾಫಿ ಕುಡಿಯುತ್ತ ಒಬ್ಬರಿಗೊಬ್ಬರು ಹೆಸರು ಹೇಳಿಕೊಳ್ಳಬೇಕು. ಉಳಿದರ್ಧದಲ್ಲಿ ಸುಮ್ಮನೆ ಕಾಯಬೇಕು. ಆಮೇಲೆ ಬೂದು ಕೋಟಿನ ಗುಮಾಸ್ತನೊಬ್ಬ ಬಂದು, ಕೈಯಲ್ಲಿ ಕರೆಪತ್ರ ಹಿಡಿದೇ ಕೂತಿರುವ ಒಬ್ಬನಿಗೆ 'ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ, ಹೊರಗೆ ನಡೀರಿ' ಎನ್ನುತ್ತಾನೆ. ಪತ್ರವನ್ನು ಎಲ್ಲರೂ ನೋಡಿದ್ದಾರೆ. ಯಾರು ಬಾಯಿ ಬಿಡುತ್ತಾರೆ? ಹೆಸರು ಹೇಳಿಕೊಂಡ ನಲವತ್ತರಲ್ಲಿ ಮೂವತ್ತೊಂದು ಕೊಠಡಿಗಳಲ್ಲಿ ಒಬ್ಬರಾದರೂ ಎದ್ದು 'ಇದು ಅನ್ಯಾಯ' ಎಂದರು. ಹೇಳಿಕೊಳ್ಳದ ನಲವತ್ತರಲ್ಲಿ ಬರೀ ಏಳು. ಮಹಾಯುದ್ಧ ಮುಗಿದು ಇನ್ನೂ ಮೂವತ್ತು ವರ್ಷವಾಗಿರಲಿಲ್ಲ. ಬೀದಿಯ ಪ್ರತಿಯೊಂದು ಮನೆಯಲ್ಲೂ, ಪಕ್ಕದ ಮನೆಯ ಯಹೂದಿಗಳನ್ನು ಸೈನಿಕರು ಕರೆದೊಯ್ದಾಗ ಪರದೆಯ ಹಿಂದೆ ಸುಮ್ಮನೆ ನಿಂತಿದ್ದ ಯಾರೋ ಒಬ್ಬರಿದ್ದರು, ಅವನ ಸ್ವಂತ ತಾಯಿಯೂ ಸೇರಿ. ಆ ದೇಶಕ್ಕೆ ಅವನು ಹೇಳಿದ್ದ: ಹೆಸರು ಕೇಳಿ, ಸಾಕು. ಶಾಲೆಗಳಲ್ಲಿ ಮಕ್ಕಳು ಬೆಳಿಗ್ಗೆ ಒಬ್ಬರಿಗೊಬ್ಬರು ಕೈಕೊಟ್ಟು ಹೆಸರು ಹೇಳತೊಡಗಿದರು. ಮಂತ್ರಿಯೊಬ್ಬರು ಸಂಸತ್ತಿನಲ್ಲಿ ಅವನ ಮಾತು ಎತ್ತಿದರು. ಪಠ್ಯಪುಸ್ತಕಗಳಲ್ಲಿ 'ನೈಡಮ್ ಕೊಠಡಿ' ಎಂದು ದಪ್ಪ ಅಕ್ಷರದಲ್ಲಿ ಬಂತು. ಅದೆಲ್ಲ ನೆನೆದಾಗ ಇವತ್ತಿಗೂ ಅವನ ಬೆನ್ನು ನೆಟ್ಟಗಾಗುತ್ತಿತ್ತು, ಬೇಡವೆಂದರೂ.

ಹೋದ ವರ್ಷ ರೆನ್ಸ್ಕೆ ಅದನ್ನು ಹನ್ನೊಂದು ಊರುಗಳಲ್ಲಿ ಮತ್ತೆ ಮಾಡಿದಳು. ನಾನೂರು ಕೊಠಡಿಗಳು. ಹೆಸರು ಹೇಳಿಕೊಂಡರೂ ಅಷ್ಟೇ, ಬಿಟ್ಟರೂ ಅಷ್ಟೇ. ಪತ್ರಿಕೆಯಲ್ಲಿ ಬಂದ ಶನಿವಾರ ಸಂತೆಯ ಮೀನಿನವಳು ಚಾಕು ಒರೆಸುತ್ತ, "ಪ್ರೊಫೆಸರ್ರೇ, ನಿಮ್ಮ ಕೊಠಡಿ ಬಿದ್ದೋಯ್ತಂತಲ್ಲ, ಓದ್ದೆ. ಈರುಳ್ಳಿ ಹಾಕ್ಲಾ ಬೇಡ್ವಾ?" ಎಂದಿದ್ದಳು. ಹಾಕು ಎಂದಿದ್ದ. ಊರಿನ ರೂಢಿಯಂತೆ ಹೆರಿಂಗ್ ಮೀನನ್ನು ಬಾಲದಲ್ಲಿ ಹಿಡಿದು ತಲೆಯೆತ್ತಿ ಬಾಯಿಗಿಟ್ಟುಕೊಂಡಾಗ ಹಿಂದಿನ ಸಾಲಿನವರೆಲ್ಲ ತನ್ನ ಗಂಟಲನ್ನೇ ನೋಡುತ್ತಿದ್ದಾರೆ ಅನ್ನಿಸಿತ್ತು. ಕೋಪ ಬಂದದ್ದು ಹುಡುಗಿಯ ಮೇಲಲ್ಲ. ಅವಳ ಪ್ರಬಂಧ ಓದಿದಾಗ, ಮೊದಲ ಅಧ್ಯಾಯದಲ್ಲೇ, ತನ್ನ ಕೈಕೆಳಗೆ ಡಾಕ್ಟರೇಟ್ ಪಡೆದ ಹನ್ನೊಂದು ಮಂದಿಯಲ್ಲಿ ಒಬ್ಬನೂ ಹೀಗೆ ಬರೆದಿರಲಿಲ್ಲ ಎಂದು ಹೊಟ್ಟೆಕಿಚ್ಚಿನಷ್ಟೇ ಬಿಸಿಯಾದ ಹೆಮ್ಮೆ ಏರಿತ್ತು. ಫೋಲ್ಕರ್ಟ್ ಅವನ ಶಿಷ್ಯ, ಇವಳು ಫೋಲ್ಕರ್ಟನ ಶಿಷ್ಯೆ. ತನ್ನದೇ ಬೇರು. ಮಾರ್ಚಿನಲ್ಲಿ ಅವಳು ಮನೆಗೆ ಬಂದಿದ್ದಳು, ಒದ್ದೆ ಕೋಟು, ತೊಡೆಯ ಮೇಲೆ ನೋಟ್‌ಪುಸ್ತಕ. ಹಳೆಯ ಕಡತಗಳ ಕೋಣೆಯಲ್ಲಿ ಎಪ್ಪತ್ತನಾಲ್ಕರ ದಾಖಲೆ ಸಿಕ್ಕಿತ್ತಂತೆ. "ಇಪ್ಪತ್ತೇಳಾದ ಮೇಲೆ ಒಂದೇ ಸಲ ನಲವತ್ತಕ್ಕೆ ಹೋಗುತ್ತೆ, ಪ್ರೊಫೆಸರ್. ನಡುವಿನ ಹನ್ನೆರಡು ಎಲ್ಲಿ ಹೋದ್ವು?" "ತಾಲೀಮು," ಎಂದಿದ್ದ ಅವನು, ಉಸಿರು ತೆಗೆದುಕೊಳ್ಳುವ ಮೊದಲೇ. "ತಾಲೀಮಿನ ಕೊಠಡಿಗಳು ಅವು." ಅವಳು ಬರೆದುಕೊಂಡಳು. ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕುವುದು ಆ ಮನೆಯ, ಆ ಊರಿನ, ಪ್ರಾಯಶಃ ಆ ದೇಶದ ಕ್ರಮ. ಅವನು ಅವತ್ತು ಮುಚ್ಚಳ ಮತ್ತೆ ತೆಗೆದು ಎರಡನೆಯದನ್ನು ಕೊಟ್ಟ. ಹುಡುಗಿ ಹೋದ ಮೇಲೆ ತ್ರೈನ್ ಕೇಳಿದ್ದಳು: "ಏನು ಮಾಡಿದೆ ಆ ಹುಡುಗಿಗೆ? ಎರಡೆರಡು ಬಿಸ್ಕತ್ತು ಕೊಡುವಂಥದ್ದು?"

ಎಪ್ಪತ್ತನಾಲ್ಕರಲ್ಲಿ ಹೊರಗೆ ಹಾಕಿಸಿಕೊಳ್ಳುವ ಮನುಷ್ಯನ ಪಾತ್ರ ಮಾಡಿದವನು ವುಬ್ಬೊ, ಕಟ್ಟಡ ಬೆಚ್ಚಗಿಡುವ ಬಾಯ್ಲರ್ ನೋಡಿಕೊಳ್ಳುತ್ತಿದ್ದವ, ದೋಣಿಯಲ್ಲಿ ಹುಟ್ಟಿ ದೋಣಿಯಲ್ಲಿ ಬೆಳೆದವ, ಕೈಯಲ್ಲಿ ಯಾವಾಗಲೂ ಟೋಪಿ. ಮೂರನೆಯ ವಾರ ಅವನೇ ಬಂದು ಹೇಳಿದ್ದ. "ಸಾರ್, ಒಂದು ತಪ್ಪಾಗ್ತಿದೆ. ಹೆಸರು ಹೇಳಿದ ಕೋಣೇಲಿ ನಂಗೆ ಬೇಗ ಹೋಗೋಕಾಗ್ತಿಲ್ಲ. ಬಾಗಿಲ ಹತ್ರ ಕಾಲು ನಿಂತುಬಿಡುತ್ತೆ. ನನ್ನ ಹೆಸರು ಗೊತ್ತಿರೋರ ಎದುರಿಗೆ ಹೀಗೆ ಹೊರಗೆ ಹಾಕಿಸ್ಕೊಳ್ಳೋದು ಅಂದ್ರೆ ನಾಚಿಕೆ, ತಿರುಗಿ ನೋಡ್ತೀನಿ. ಗೊತ್ತಿಲ್ಲದ ಕೋಣೇಲಾದ್ರೆ ಏನಂತೆ, ಸೀದಾ ಹೋಗ್ತೀನಿ." ಆಟ ಎಂದು ಗೊತ್ತಿದ್ದೂ ನಾಚಿಕೆಯೇ ಎಂದು ಕೇಳಿದ್ದಕ್ಕೆ, ಗೊತ್ತಿದ್ದೂ ಸಾರ್ ಎಂದ. ಆಗ ಮೂವತ್ತೇಳು ವರ್ಷದ ನೈಡಮ್ ಬೆನ್ನು ತಟ್ಟಿ, ಎಲ್ಲ ಕೋಣೆಯಲ್ಲೂ ಸೀದಾ ಹೋಗು ಎಂದ. ವುಬ್ಬೊ ಮೂರು ದಿನ ಸೀದಾ ಹೋದ, ಹಲ್ಲು ಕಚ್ಚಿಕೊಂಡು. ಆ ಮೂರು ದಿನದ ಹನ್ನೆರಡು ಕೊಠಡಿಗಳಲ್ಲಿ ಒಬ್ಬನೂ ಎದ್ದು ಮಾತಾಡಲಿಲ್ಲ. ನಾಲ್ಕನೆಯ ಬೆಳಿಗ್ಗೆ ಬಾಯ್ಲರ್ ಕೋಣೆಗೆ ಇಳಿದು ಹೋಗಿ, "ಮೊದಲಿನ ಹಾಗೇ ಹೋಗು ವುಬ್ಬೊ, ಅದೇ ಸಹಜ," ಎಂದು ಹೇಳಿ ಮೇಲೆ ಬಂದ. ಅದೇ ಸಹಜ. ಅಷ್ಟು ಸಲೀಸಾಗಿ ಬಂದಿತ್ತು ಮಾತು. ಲೇಖನದಲ್ಲಿ 'ಸಹಾಯಕ ತಕ್ಷಣ ಕೋಣೆಯಿಂದ ಹೊರನಡೆದ' ಎಂದು ಬರೆದ. ವುಬ್ಬೊ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಮಣ್ಣಿಗೆ ಹೋಗಿದ್ದಾಗಲೂ ಇವನು ಹಿಂದಿನ ಸಾಲಿನಲ್ಲಿ ಕೂತು ಬೇಗ ಎದ್ದು ಬಂದಿದ್ದ.

ನಿಲುವಂಗಿ ತೊಡುವ ಕೋಣೆಯಲ್ಲಿ ಫೋಲ್ಕರ್ಟ್ ಅವನಿಗೆ ತೋಳು ಹಿಡಿದು ಕೊಟ್ಟ. ಅರವತ್ತಾದರೂ ಗುರುವಿನೆದುರು ಇನ್ನೂ ಸ್ವಲ್ಪ ಬಾಗುವವನು, 'ನೀವು' ಬಿಟ್ಟು ಮಾತಾಡದವನು. "ಸಿಟ್ಟಿಲ್ಲ ತಾನೆ, ಹಿಲ್‌ಬ್ರಾಂಡ್?" "ಯಾಕೆ ಸಿಟ್ಟು? ಚೆನ್ನಾಗಿ ಮಾಡಿದಾಳೆ." "ನಾನು ಅವಳಿಗೆ ಹೇಳಿದೀನಿ, ಎಪ್ಪತ್ತನಾಲ್ಕರ ಜನ ಬೇರೆ, ಈಗಿನ ಜನ ಬೇರೆ ಅಂತ. ನೀವು ಅದನ್ನೇ ಕೇಳಿ. ಅವಳು ಒಪ್ಕೋತಾಳೆ. ನಿಮ್ಮದೂ ಉಳಿಯುತ್ತೆ, ಅವಳದೂ ಉಳಿಯುತ್ತೆ." ಮರ್ಯಾದೆಯ ದಾರಿ, ಅಗಲವಾದದ್ದು. ಆ ಪ್ರಶ್ನೆಯೇ ಹಿಲ್‌ಬ್ರಾಂಡನ ಜೇಬಿನಲ್ಲೂ ಇತ್ತು, ಚಂದದ ಅಕ್ಷರದಲ್ಲಿ ಬರೆದದ್ದು. ಫೋಲ್ಕರ್ಟನ ಇಡೀ ಬಾಳು, ಅವನ ಎರಡು ಪುಸ್ತಕಗಳು, ಅವನ ಪ್ರೊಫೆಸರ್ ಕುರ್ಚಿ ಎಲ್ಲ ಆ ಎಂಬತ್ತು ಕೊಠಡಿಗಳ ಮೇಲೆ ಎದ್ದದ್ದು ಎನ್ನುವುದನ್ನು ಅವರಿಬ್ಬರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಬೆಳ್ಳಿಯ ದಂಡ ಹಿಡಿದ ಹೆಂಗಸು ಮುಂದೆ, ಕಪ್ಪು ನಿಲುವಂಗಿಗಳು ಹಿಂದೆ; ಮೆರವಣಿಗೆ ಸಭಾಂಗಣಕ್ಕೆ ಬಂತು. ರೆನ್ಸ್ಕೆ ಒಂಟಿಯಾಗಿ ಎತ್ತರದ ಮೇಜಿನ ಹಿಂದೆ ನಿಂತಿದ್ದಳು, ಬೆನ್ನ ಹಿಂದೆ ಗೆಳತಿಯರಿಬ್ಬರು. ನಲವತ್ತೈದು ನಿಮಿಷ. ಗಡಿಯಾರ ಹೊಡೆದೊಡನೆ ದಂಡದ ಹೆಂಗಸು ಬಂದು ನೆಲಕ್ಕೆ ಕುಟ್ಟಿ 'ಹೊತ್ತಾಯಿತು' ಎಂದು ಲ್ಯಾಟಿನಿನಲ್ಲಿ ಕೂಗಿದರೆ ಮುಗಿಯಿತು, ಬಾಯಲ್ಲಿದ್ದ ಮಾತು ಬಾಯಲ್ಲೇ. ಪ್ರತಿ ಉತ್ತರಕ್ಕೂ ಮೊದಲು ಅವಳು 'ಮಹಾವಿದ್ವಾಂಸರಾದ ಎದುರುವಾದಿಗಳೇ' ಎನ್ನಬೇಕು. ನಲವತ್ತು ವರ್ಷ ಆ ಸಂಬೋಧನೆ ಕಿವಿಗೆ ಸವಿಯಾಗಿತ್ತು. ಇವತ್ತು ತನ್ನ ಸರದಿಯಲ್ಲಿ ಅವಳು ತನಗೆ ಅದನ್ನು ಹೇಳಬೇಕಲ್ಲ ಎಂದು ಹಿಲ್‌ಬ್ರಾಂಡನಿಗೆ ಕಸಿವಿಸಿಯಾಯಿತು. ಆರನೆಯವಳು ಡೆನ್ಮಾರ್ಕಿನಿಂದ ಬಂದ ಪ್ರೊಫೆಸರ್, ಗಿಡ್ಡ ಕೂದಲಿನವಳು, ಯಾರ ಹಂಗೂ ಇಲ್ಲದವಳು. ನೇರವಾಗಿ ನೂರಾ ಹನ್ನೆರಡನೆಯ ಪುಟಕ್ಕೆ ಬಂದಳು. "ಹನ್ನೆರಡು ಕೊಠಡಿ ಕಾಣೆ. ನೀವು ಅದಕ್ಕೆ ಒಂದು ಅಡಿಟಿಪ್ಪಣಿ ಬರೆದು ಸುಮ್ಮನಾಗಿದೀರಿ. ನಾನೂರು ಕೊಠಡಿ ಅಳೆದವರು ನೀವು; ಇಲ್ಲಿ ಒಬ್ಬ ಮುದುಕರ ಬಾಯಿಮಾತು ನಂಬಿದಿರಾ?" ಸಭೆಯಲ್ಲಿ ಯಾರೋ ನಕ್ಕರು. ರೆನ್ಸ್ಕೆ ನಗಲಿಲ್ಲ. ಕಿವಿ ಕೆಂಪಾಗಿತ್ತು. "ಮಹಾವಿದ್ವಾಂಸರಾದ ಎದುರುವಾದಿಗಳೇ, ನಂಬಿದೆ. ಅವರನ್ನ ಓದಿ ನಾನು ಈ ವಿಷಯಕ್ಕೆ ಬಂದವಳು. ಅವರ ಮಾತನ್ನೇ ನಂಬಲ್ಲ ಅಂದ್ರೆ ಇನ್ಯಾರದನ್ನ ನಂಬಲಿ? ಬೇರೆ ಸಾಕ್ಷಿ ನನ್ನ ಹತ್ರ ಇಲ್ಲ. ಇದು ನನ್ನ ಪ್ರಬಂಧದ ದೌರ್ಬಲ್ಯ ಅಂತ ಒಪ್ಕೋತೀನಿ." ಡೆನ್ಮಾರ್ಕಿನವಳು ಏನೋ ಗುರುತು ಹಾಕಿಕೊಂಡಳು. ದೌರ್ಬಲ್ಯ. ತನ್ನ ಸುಳ್ಳನ್ನು ಹುಡುಗಿ ತನ್ನ ದೌರ್ಬಲ್ಯವೆಂದು ಒಪ್ಪಿಕೊಂಡು ತಲೆಮೇಲೆ ಹೊತ್ತು ನಿಂತಿದ್ದಳು, ಅವಳ ಅಪ್ಪ ಅಮ್ಮ ಮೊದಲ ಸಾಲಿನಲ್ಲಿ ಕೂತು ನೋಡುತ್ತಿದ್ದರು, ಏಳು ಜನ ಸಾಲಾಗಿ ಕೂತಿದ್ದರು, ಮತ್ತು ಇದು ಅನ್ಯಾಯ ಎಂದು ಎದ್ದು ಹೇಳಬಲ್ಲವನು ಕೋಣೆಯಲ್ಲಿ ಒಬ್ಬನೇ ಇದ್ದ.

ಸರದಿ ಬಂತು. ಗಡಿಯಾರದಲ್ಲಿ ಆರು ನಿಮಿಷ ಉಳಿದಿತ್ತು. ಜೇಬಿನ ಚೀಟಿ ತೆಗೆದ, ಬಿಡಿಸಿದ, ಮಡಿಸಿದ. ಉದ್ದಕ್ಕೆ ಮಾತಾಡಿದರೆ ಸಾಕಾಗಿತ್ತು, ಅವನಿಗೆ ಅದು ಬರುತ್ತಿತ್ತು, ದಂಡ ತಾನಾಗಿ ಬಂದು ಕುಟ್ಟುತ್ತಿತ್ತು. "ಅಭ್ಯರ್ಥಿಯವರೇ," ಎಂದ, ಮತ್ತು ತನ್ನ ದನಿ ಎಷ್ಟು ಗಟ್ಟಿಯಾಗಿದೆ ಎಂದು ಅವನಿಗೇ ಬೆರಗಾಯಿತು. "ಅಡಿಟಿಪ್ಪಣಿ ನಲವತ್ತಾರು ಸುಳ್ಳು. ನಿಮ್ಮದಲ್ಲ, ನನ್ನದು. ಆ ಹನ್ನೆರಡು ತಾಲೀಮಲ್ಲ. ಅವು ನಿಜವಾದ ಕೊಠಡಿಗಳು. ಅವುಗಳಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ ಅಂತ ನಾನು ತೆಗೆದುಹಾಕಿದೆ." ಆಮೇಲೆ ವುಬ್ಬೊನ ಬಗ್ಗೆ ಹೇಳಿದ, ಪೂರ್ತಿ ಹೆಸರು ಹೇಳಿ, ಬಾಯ್ಲರ್, ಟೋಪಿ, ಬಾಗಿಲಲ್ಲಿ ನಿಂತ ಕಾಲು, ಮೂರು ದಿನ, ನಾಲ್ಕನೆಯ ಬೆಳಿಗ್ಗೆ, ಯಾವುದನ್ನೂ ಬಿಡದೆ. ಬಲಗಡೆ ಫೋಲ್ಕರ್ಟನ ಕುರ್ಚಿ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ನಾಚಿಕೆ ಬರುತ್ತದೆ ಎಂದು ಕಾದ. ಬಂತು, ಮುಖದ ತುಂಬ ಬಿಸಿಯಾಗಿ, ಆದರೆ ಜೊತೆಗೇ ಬೆನ್ನು ತಾನಾಗಿ ನೆಟ್ಟಗಾಯಿತು, ಮಂತ್ರಿ ತನ್ನ ಹೆಸರೆತ್ತಿದ ದಿನ ಆದದ್ದಕ್ಕಿಂತ ಹೆಚ್ಚಾಗಿ. ನಿರ್ಲಜ್ಜ ಮುದುಕ ಎಂದು ತನ್ನನ್ನೇ ಬೈದುಕೊಂಡ, ಒಳಗೊಳಗೇ.

ರೆನ್ಸ್ಕೆ ಎರಡೂ ಕೈಗಳಿಂದ ಮೇಜನ್ನು ಹಿಡಿದಿದ್ದಳು. "ಮಹಾವಿದ್ವಾಂಸರಾದ ಎದುರುವಾದಿಗಳೇ," ಎಂದಳು, ಅಭ್ಯಾಸದಿಂದ. ಮತ್ತೆ, ಅಭ್ಯರ್ಥಿ ಕೇಳಬಾರದ ಪ್ರಶ್ನೆ ಕೇಳಿದಳು. "ಎಷ್ಟು ಹೊತ್ತು ನಿಲ್ತಿದ್ರು ಅವರು, ಬಾಗಿಲಲ್ಲಿ?"

"ಹತ್ತು ಸೆಕೆಂಡು. ಕೆಲವು ಸಲ ಹೆಚ್ಚು."

"ನಮ್ಮವರಿಗೆ ಮೂರೇ ಸೆಕೆಂಡಲ್ಲಿ ಹೋಗಿ ಅಂತ ಹೇಳಿಕೊಟ್ಟಿದ್ವಿ. ನಿಮ್ಮ ಲೇಖನದಲ್ಲಿ 'ತಕ್ಷಣ' ಅಂತ ಇತ್ತು."

"ಗೊತ್ತು. ಅದನ್ನ ಬರೆದವನು ನಾನೇ. ಈಗ ನನ್ನ ಪ್ರಶ್ನೆ. ಹಾಗಾದ್ರೆ ಹೆಸರು ಬದಲಾಯಿಸಿದ್ದು ಯಾರನ್ನ? ಕೂತವರನ್ನೋ, ಹೊರಗೆ ಹೋಗ್ತಿದ್ದವನನ್ನೋ?"

ಅವಳ ಕಣ್ಣು ಸಭೆಯನ್ನು ಬಿಟ್ಟು ಎಲ್ಲೋ ಹೋದದ್ದನ್ನು ಅವನು ನೋಡಿದ. ಹನ್ನೊಂದು ಜನ ಶಿಷ್ಯರಲ್ಲಿ ಇಬ್ಬರೋ ಮೂವರೋ ಅವನೆದುರು ಹಾಗೆ ಯೋಚನೆಯೊಳಗೆ ಹೋದದ್ದುಂಟು, ಮಾಸ್ತರನಾಗಿ ಅವನು ಬದುಕಿದ್ದೇ ಆ ಗಳಿಗೆಗಳಿಗಾಗಿ. "ಹಾಗಾದ್ರೆ," ಎಂದಳು ರೆನ್ಸ್ಕೆ, 'ಮಹಾವಿದ್ವಾಂಸ' ಮರೆತು, "ನಾವಿಬ್ರೂ ಇಷ್ಟು ದಿನ ನೋಡಿದ್ದು ತಪ್ಪು ಕುರ್ಚಿನ. ಅನ್ಯಾಯ ಆದವನು ಒಂದು ಗಳಿಗೆ ನಿಂತು ತಿರುಗಿ ನೋಡಿದ್ರೆ, ಆಗಲೇ ಕೂತವರು—" ದಂಡ ನೆಲಕ್ಕೆ ಕುಟ್ಟಿತು. ಹೊತ್ತಾಯಿತು. ಅವಳು ಬಾಯಿ ಮುಚ್ಚಿದಳು, ಕ್ರಮದಂತೆ.

ತೀರ್ಮಾನದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಪದವಿ ಕೊಡುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಡೆನ್ಮಾರ್ಕಿನವಳು ವಿಶೇಷ ಗೌರವದೊಂದಿಗೆ ಕೊಡಬೇಕೆಂದಳು, ಎಲ್ಲರೂ ಹೂಂ ಎಂದರು. ಸಹಿಗೆ ಕಾಗದ ಒಬ್ಬರಿಂದೊಬ್ಬರಿಗೆ ಬಂತು. ಫೋಲ್ಕರ್ಟ್ ಕಿಟಕಿಯ ಹತ್ತಿರ ಹೋಗಿ ನಿಂತಿದ್ದ. "ನನಗೆ ಹೇಳಬಹುದಿತ್ತು," ಎಂದ, ಗಾಜಿಗೆ ಹೇಳುವ ಹಾಗೆ. "ಮೂವತ್ತೇಳು ವರ್ಷ. ನಿಮ್ಮ ಮನೇಲಿ ಊಟ ಮಾಡಿದೀನಿ." "ಹೇಳಬಹುದಿತ್ತು," ಎಂದ ಹಿಲ್‌ಬ್ರಾಂಡ್. "ಹೇಳಲಿಲ್ಲ." "ಇವತ್ತು ಎಲ್ಲರೆದುರಿಗೆ ಹೇಳಿದ್ರಿ. ಅವಳಿಗಾಗಿ." "ಹೌದು. ಅವಳಿಗಾಗಿ." ಅದಕ್ಕಿಂತ ಮೆತ್ತಗಿನ ಮಾತು ಹುಡುಕಬಹುದಾಗಿತ್ತು, ಆದರೆ ಮೆತ್ತಗಿನ ಮಾತುಗಳು ಅವತ್ತಿಗೆ ಸಾಕಾಗಿದ್ದವು. ಫೋಲ್ಕರ್ಟ್ ಬಂದು, ಕಾಗದದ ಮೇಲೆ ಬಗ್ಗಿ, ಹೆಸರು ಬರೆದು, ಪೆನ್ನನ್ನು ಗುರುವಿನ ಕೈಗೆ ಕೊಡದೆ ಮೇಜಿನ ಮೇಲಿಟ್ಟ. ಹಿಲ್‌ಬ್ರಾಂಡ್ ಅದನ್ನು ಎತ್ತಿಕೊಂಡು ಸಹಿ ಹಾಕಿದ. ಮತ್ತೆ ಸಭೆಗೆ ಹೋಗಿ ಫೋಲ್ಕರ್ಟ್ ಹೊಸ ಡಾಕ್ಟರನ್ನು ಹೊಗಳಿ ಮಾತಾಡಿದ, ಚೆನ್ನಾಗಿಯೇ ಮಾತಾಡಿದ, ಅವಳ ನಾಯಿಯಿಂದ ಹಿಡಿದು ಅಂಕಿಅಂಶದ ಗುಮಾಸ್ತನವರೆಗೆ ಎಲ್ಲರನ್ನೂ ನೆನೆದ. ನೈಡಮ್ ಎಂಬ ಹೆಸರು ಬರಲಿಲ್ಲ.

ಮದ್ಯ, ಚೀಸಿನ ತುಂಡು, ಬಾಯಿ ಸುಡುವ ಕರಿದ ಉಂಡೆಗಳ ಆ ಉದ್ದನೆಯ ಹಜಾರದಲ್ಲಿ ಹೊಸ ಡಾಕ್ಟರ ಕಡೆಯವರು ಗೋಡೆಗುಂಟ ಸಾಲಾಗಿ ನಿಂತಿದ್ದರು, ಅಪ್ಪ, ಅಮ್ಮ, ತಮ್ಮ, ಚಿಕ್ಕಮ್ಮ. ಬಂದವರು ಹುಡುಗಿಗಷ್ಟೇ ಅಲ್ಲ, ಸಾಲಿನ ಪ್ರತಿಯೊಬ್ಬರಿಗೂ ಕೈ ಕುಲುಕಿ ಅಭಿನಂದನೆ ಹೇಳಬೇಕು, ಮಗಳಿಗಾಗಿ, ಅಕ್ಕನಿಗಾಗಿ, ಅದು ಅಲ್ಲಿನ ರೂಢಿ. ಹಿಲ್‌ಬ್ರಾಂಡ್ ಬಾಗಿಲಿನ ತನಕ ಬೆಳೆದಿದ್ದ ಸರತಿಯಲ್ಲಿ ಕೊನೆಗೆ ನಿಂತ, ಚೀಲ ಕಂಕುಳಲ್ಲಿ. ಮುಂದೆ ನಿಂತವರ ಬೆನ್ನುಗಳು ಸ್ವಲ್ಪ ಬಿಗಿದವು. ಕೋಣೆಯೊಂದು ಒಬ್ಬ ಮನುಷ್ಯನನ್ನು ಹೇಗೆ ಹೊರಗೆ ಹಾಕುತ್ತದೆ ಎಂದು ಅವನು ಬಾಳೆಲ್ಲ ಪಾಠ ಹೇಳಿದ್ದ, ಹಾಗೇ ಆಗುತ್ತಿತ್ತು, ಅಚ್ಚುಕಟ್ಟಾಗಿ. ಅಷ್ಟರಲ್ಲಿ ರೆನ್ಸ್ಕೆ ಸಾಲು ಬಿಟ್ಟು ಬಂದಳು, ಹೂಗುಚ್ಛವನ್ನು ಯಾರ ಕೈಗೋ ತುರುಕಿ. "ನಾಲ್ಕನೇ ಅಧ್ಯಾಯ ಪೂರ್ತಿ ಹಾಳು ಮಾಡಿದ್ರಿ," ಎಂದಳು. ಕಣ್ಣು ಒದ್ದೆಯಾಗಿತ್ತು, ಸಿಟ್ಟೋ ನಗುವೋ ತಿಳಿಯಲಿಲ್ಲ, ಎರಡೂ ಇರಬೇಕು. "ಮಾರ್ಚಿನಲ್ಲೇ ಹೇಳಿದ್ರೆ ನಂಗೆ ಆರು ತಿಂಗಳು ಉಳೀತಿತ್ತು." "ಉಳೀತಿತ್ತು," ಎಂದ. "ಮಂಗಳವಾರ ಹತ್ತು ಗಂಟೆಗೆ ಬರ್ತೀನಿ. ಮೊದಲಿಂದ ಹೇಳಿ, ಎಲ್ಲ ಬರ್ಕೋತೀನಿ, ಈ ಸಲ ಇಬ್ಬರು ಸಾಕ್ಷಿ ಸಮೇತ." "ಬಾ." "ಈಗ ಇಲ್ಲಿ ಯಾಕೆ ನಿಂತಿದೀರಿ? ನಡೀರಿ." ತೋಳು ಹಿಡಿದು ಎಳೆದುಕೊಂಡು ಹೋಗಿ, ಚಿಕ್ಕಮ್ಮನನ್ನು ಆ ಕಡೆ ಸರಿಸಿ, ಅಪ್ಪ ಅಮ್ಮನ ಪಕ್ಕದಲ್ಲಿ ಅವನನ್ನು ನಿಲ್ಲಿಸಿದಳು. ಅವಳ ಅಪ್ಪ, ಹಸು ಸಾಕುವವರು, ಅಗಲವಾದ ಕೈ ಚಾಚಿ ಸರಿದು ಜಾಗ ಕೊಟ್ಟರು. ದೂರದಲ್ಲಿ ತ್ರೈನ್ ಲೋಟ ಹಿಡಿದು ನಿಂತವಳು ಗಂಡನನ್ನು ಬಹಳ ವರ್ಷಗಳಿಂದ ನೋಡದ ಹಾಗೆ ನೋಡುತ್ತಿದ್ದಳು.

ಫೋಲ್ಕರ್ಟ್ ಸಾಲಿನಲ್ಲಿ ಬಂದ. ಅಪ್ಪನ ಕೈ ಕುಲುಕಿದ, ಅಮ್ಮನ ಕೈ ಕುಲುಕಿದ. ಹಿಲ್‌ಬ್ರಾಂಡ್ ಕೈ ಮುಂದೆ ಮಾಡಿದ. ಫೋಲ್ಕರ್ಟ್ ಆ ಕೈಯನ್ನು ನೋಡಿದ, ಮುಖ ನೋಡಲಿಲ್ಲ, ಮತ್ತೆ ಚಿಕ್ಕಮ್ಮನತ್ತ ದಾಟಿಹೋದ. ಸರಿಯೇ. ಅವನ ಜಾಗದಲ್ಲಿ ತಾನಿದ್ದರೂ ಹಾಗೇ ಮಾಡುತ್ತಿದ್ದ. ನೋವಾಯಿತು, ನೋವು ಬಹುದಿನ ಇರುತ್ತದೆ ಎಂದೂ ಗೊತ್ತಾಯಿತು. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಿಂದೆ ಬಂದ ಮುದುಕಿ, ಹಳ್ಳಿಯವಳು, ಒಳ್ಳೆಯ ಕೋಟು ಹಾಕಿಕೊಂಡವಳು, ಆ ಕೈಯನ್ನು ಗಟ್ಟಿಯಾಗಿ ಹಿಡಿದು ಕುಲುಕಿದಳು, ಮತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಭಿನಂದನೆ, ಅಭಿನಂದನೆ. ನಾನು ಅವರ ಪಕ್ಕದ ಮನೆಯವಳು, ಕಿವಿ ಮಂದ, ಒಳಗೆ ಏನೂ ಕೇಳಿಸ್ಲಿಲ್ಲ. ನೀವು ನಮ್ಮ ಹುಡುಗಿಗೆ ಏನಾಗಬೇಕು?"

"ನನ್ನ ತಪ್ಪು ಹಿಡಿದವಳು ಇವಳೇ," ಎಂದ ಹಿಲ್‌ಬ್ರಾಂಡ್ ನೈಡಮ್, ಮುದುಕಿಗಷ್ಟೇ ಅಲ್ಲ, ಹಜಾರದ ಆ ತುದಿಯವರಿಗೂ ಕೇಳಿಸುವಷ್ಟು ಜೋರಾಗಿ.